‘ವಿತ್‌ಡ್ರಾ’ದೊಳಗಿನ ‘ವಿತ್’ ಯಾವುದು?

ಪ್ರಶ್ನೆ: ‘ವಿತ್’ ಎಂದರೆ ಜೊತೆ, ‘ಡ್ರಾ’ ಎಂದರೆ ಚಿತ್ರ ಬಿಡಿಸು. ಇವೆರಡೂ ಸೇರಿದ ‘ವಿತ್‌ಡ್ರಾ’ ಪದಕ್ಕೆ ಹಿಂತೆಗೆ, ಹಿಂದೆ ಸರಿ ಎಂಬ ಅರ್ಥ ಹೇಗೆ ಬಂತು? ಇದಕ್ಕೂ ‘ಡ್ರಾಯಿಂಗ್ ರೂಮ್’ಗೂ ನಂಟಿದೆಯೆನ್ನುವುದು ನಿಜವೇ?

ಉತ್ತರ: ತೊಡಕೆಲ್ಲ ಇರುವುದು ‘ವಿತ್’ನಲ್ಲಿ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಎದುರಾಗಿ, ವಿರುದ್ಧವಾಗಿ’ ಎಂಬುದೇ ಮುಖ್ಯ ಅರ್ಥವಾಗಿತ್ತು. ‘ಜೊತೆ’ ಎನ್ನಲು ಆಗ ಬಳಸುತ್ತಿದ್ದುದು ಜರ್ಮನ್ ಭಾಷೆಯ ‘ಮಿಟ್’ ಪದದ ದಾಯಾದಿಯಾದ ‘ಮಿಡ್’ ಎಂಬ ಬೇರೆಯೇ ಪದವನ್ನು. ಬರಬರುತ್ತ ‘ಮಿಡ್’ ಬಳಕೆ ತಪ್ಪಿ, ಅದರ ಕೆಲಸವೂ ‘ವಿತ್’ನ ಪಾಲಿಗೆ ಬಂತು. ಸೂಲಗಿತ್ತಿಯನ್ನು ಹೇಳುವ ‘ಮಿಡ್‌ವೈಫ್’ನಲ್ಲಿ ಆ ಹಳೆಯ ಪದ ಇನ್ನೂ ಉಳಿದಿದೆ: ಹೆರಿಗೆಯ ಹೊತ್ತಿಗೆ ಜೊತೆಗಿರುವ ಹೆಂಗಸು ಎಂದು ಅದರ ಮೂಲಾರ್ಥ. ವಿರೋಧವನ್ನು ಸೂಚಿಸುತ್ತಿದ್ದ ಪದವೇ ಸಾಂಗತ್ಯವನ್ನೂ ಸೂಚಿಸಿದ್ದು ವಿಚಿತ್ರವಾಗಿ ಕಂಡೀತು. ಆದರೆ ‘ಅವನ ಜೊತೆ ಜಗಳವಾಡಿದೆ’ ಎಂದು ನಾವು ಹೇಳುವಾಗಲೂ ಆ ‘ಜೊತೆ’ಯಲ್ಲಿ ಸ್ನೇಹವೇನೂ ಇರುವುದಿಲ್ಲವಷ್ಟೆ. ತಡೆದು ನಿಲ್ಲು ಎಂಬರ್ಥದ ‘ವಿತ್‌ಸ್ಟ್ಯಾಂಡ್’, ತಡೆಹಿಡಿ ಎಂಬರ್ಥದ ‘ವಿತ್‌ಹೋಲ್ಡ್’ಗಳಲ್ಲಿರುವುದೂ ಆ ಹಳೆಯ ‘ವಿತ್’ ಪದವೇ.

‘ಡ್ರಾ’ ಕ್ರಿಯಾಪದದ ಮೂಲಾರ್ಥ ‘ಎಳೆ’. ಮೇಜಿನ ಡ್ರಾಯರ್ ಎಳೆದು ತೆರೆಯುವಂಥದು. ಚಿತ್ರಕ್ಕೂ ಗೆರೆ ಎಳೆಯಲೇಬೇಕು. ಹೀಗೆ 13ನೆಯ ಶತಮಾನದ ಸುಮಾರಿಗೆ ರೂಢಿಗೆ ಬಂದ ‘ವಿತ್‌ಡ್ರಾ’ಕ್ಕೆ ‘ಹಿಂದಕ್ಕೆ ಎಳೆದುಕೊ’ ಎಂಬ ಅರ್ಥವಾಯಿತು. ಚಾಚಿದ ಕೈಯನ್ನಾಗಲಿ, ಆಡಿದ ಮಾತನ್ನಾಗಲಿ, ಸಲ್ಲಿಸಿದ ನಾಮಪತ್ರವನ್ನಾಗಲಿ ಹಿಂತೆಗೆದುಕೊಳ್ಳುವುದಕ್ಕೂ, ಖಾತೆಯಿಂದ ಹಣ ತೆಗೆಯುವುದಕ್ಕೂ, ಕರ್ಮಪದವಿಲ್ಲದೆ ಬಂದಾಗ ಸೈನ್ಯವು ತಾನೇ ಹಿಂದೆ ಸರಿಯುವುದಕ್ಕೂ ಇದೊಂದೇ ಪದ ಸಾಕಾಗುತ್ತದೆ. ಕನ್ನಡದಲ್ಲಿ ಸಂದರ್ಭ ನೋಡಿಕೊಂಡು ಬೇರೆಬೇರೆ ಕ್ರಿಯಾಪದಗಳನ್ನು ಬಳಸುವುದೇ ಲೇಸು.

ಡ್ರಾಯಿಂಗ್ ರೂಮಿನ ನಂಟು ನಿಜ. ಅದು ಚಿತ್ರ ಬರೆಯುವ ಕೋಣೆಯಲ್ಲ; ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಜನಸಂದಣಿಯಿಂದ ಪಕ್ಕಕ್ಕೆ ಸರಿದು ಕೂರಲೆಂದು ಇರುತ್ತಿದ್ದ ‘ವಿತ್‌ಡ್ರಾಯಿಂಗ್ ರೂಮ್’. 17ನೆಯ ಶತಮಾನದಲ್ಲಿ ಅದರ ಮೊದಲ ಭಾಗ ಉದುರಿಹೋಯಿತು. ಊಟ ಮುಗಿದ ಮೇಲೆ ಗಂಡಸರನ್ನು ಮೇಜಿನ ಬಳಿಯೇ ಬಿಟ್ಟು ಹೆಂಗಸರು ಅಲ್ಲಿಗೆ ಹೋಗುವ ವಾಡಿಕೆ ಮುಂದೆ ಬೆಳೆಯಿತು. ಸರಿದು ಹೋಗಲೆಂದು ಇದ್ದ ಆ ಕೋಣೆ ಈಗ ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆಯಾಗಿದೆ.