ಲೋರಾ ಮಾಡ್ಯೂಲ್ ಒಳಗೆ 0 ಮತ್ತು 1 ರೇಡಿಯೊ ಅಲೆ ಆಗುವುದು ಹೇಗೆ?

ಹೊಸನಗರ ಕಡೆ ತೋಟ, ಮನೆಗೂ ಹೊಳೆ ಪಕ್ಕದ ಪಂಪ್‌ಸೆಟ್‌ಗೂ ಮಧ್ಯೆ ಗುಡ್ಡ, ಮೊಬೈಲ್ ಸಿಗ್ನಲ್ ಇಲ್ಲ ಅಂದಿದ್ದೀರಿ. ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ ವಿಧಾನ ಲೋರಾ. ಅದು ಹೇಗೆ ಕೆಲಸ ಮಾಡುತ್ತದೆ, ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಿಗ್ನಲನ್ನು ಎಷ್ಟು ಎಳೆದು ಕಳಿಸಬೇಕು ಅನ್ನುವ ಸೆಟ್ಟಿಂಗ್) 12 ಇಟ್ಟರೆ ಗುಡ್ಡ ದಾಟುತ್ತದಾ ಅಂತ ನಿಮ್ಮ ಪ್ರಶ್ನೆ. ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟಗಳಲ್ಲಿ ನಾನು ಇದೇ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೋರಾ ಮಾಡ್ಯೂಲ್‌ಗಳಲ್ಲಿ ಬರುವ ಎಸ್‌ಎಕ್ಸ್1276 ರೇಡಿಯೊ ಚಿಪ್ ಉದಾಹರಣೆಗೆ ತಗೊಳ್ಳಿ. ಪಕ್ಕದಲ್ಲಿ ಒಂದೇ ಸಮ ಮಿಡಿಯುವ 32 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ. ಚಿಪ್‌ನ ಫ್ರೀಕ್ವೆನ್ಸಿ ರಿಜಿಸ್ಟರ್‌ಗೆ (ಸೆಟ್ಟಿಂಗ್ ಬರೆದಿಡುವ ಜಾಗ) 14188544 ಅಂತ ಬರೆದರೆ ಒಳಗಿನ ಪಿಎಲ್‌ಎಲ್, ಅಂದರೆ ಕ್ರಿಸ್ಟಲ್‌ನ ಮಿಡಿತದಿಂದ ಬೇಕಾದ ಫ್ರೀಕ್ವೆನ್ಸಿ ಮಾಡುವ ಸರ್ಕ್ಯೂಟ್, 866 ಮೆಗಾಹರ್ಟ್ಸ್ ಹುಟ್ಟಿಸುತ್ತದೆ. ಆ ಸಂಖ್ಯೆಗೆ ಒಂದು ಕೂಡಿಸಿದರೆ ಫ್ರೀಕ್ವೆನ್ಸಿ ಸುಮಾರು 61 ಹರ್ಟ್ಸ್ ಏರುತ್ತದೆ. ಎಫ್‌ಎಸ್‌ಕೆ ಅನ್ನುವ ಹಳೆಯ ಸರಳ ವಿಧಾನದಲ್ಲಿ 0ಗೆ ಒಂದು ಫ್ರೀಕ್ವೆನ್ಸಿ, 1ಕ್ಕೆ ಇನ್ನೊಂದು, ಅಷ್ಟೇ.

ಲೋರಾ ಹಾಗಲ್ಲ. 125 ಕಿಲೋಹರ್ಟ್ಸ್ ಅಗಲದಲ್ಲಿ ಫ್ರೀಕ್ವೆನ್ಸಿ ಕೆಳಗಿಂದ ಮೇಲಕ್ಕೆ ಒಂದೇ ಸಮ ಏರುತ್ತದೆ. ತುದಿ ಮುಟ್ಟಿದರೆ ಒಮ್ಮೆಲೇ ಕೆಳಕ್ಕೆ ಹಾರಿ ಮತ್ತೆ ಏರುತ್ತದೆ. ಇದಕ್ಕೆ ಚಿರ್ಪ್ ಅಂತಾರೆ. ಏರಿಕೆ ಎಲ್ಲಿಂದ ಶುರುವಾಯಿತು ಅನ್ನುವುದರಲ್ಲೇ ಮಾಹಿತಿ ಇರುತ್ತದೆ. ಎಸ್‌ಎಫ್ 12ರಲ್ಲಿ ಹಾಗೆ ಶುರುವಾಗಲು 4096 ಜಾಗಗಳಿವೆ. ಒಂದು ಚಿರ್ಪ್‌ಗೆ 12 ಬಿಟ್, ಸಮಯ 32.8 ಮಿಲಿಸೆಕೆಂಡ್. ಎಸ್‌ಎಫ್ 7ರಲ್ಲಿ 128 ಜಾಗ, ಸುಮಾರು 1 ಮಿಲಿಸೆಕೆಂಡ್. ಗುಡ್ಡದಾಚೆ ಇರುವವರಿಗೆ ದನಿ ಎಳೆದು ಕೂ ಹಾಕುತ್ತೇವಲ್ಲ, ಹಾಗೆ. ಈಚೆ ಬದಿಯ ಚಿಪ್ ಬಂದ ಚಿರ್ಪನ್ನು ಇಳಿಯುವ ಚಿರ್ಪ್ ಜೊತೆ ಗುಣಿಸುತ್ತದೆ. ಆಗ ಅಷ್ಟೂ ಹೊತ್ತಿನ ಶಕ್ತಿ ಒಂದೇ ಕಡೆ ಸೇರುತ್ತದೆ, ಗದ್ದಲ ಮಾತ್ರ ಚದುರಿಕೊಂಡೇ ಇರುತ್ತದೆ. ಸಿಗ್ನಲ್ ಗದ್ದಲಕ್ಕಿಂತ 20 ಡೆಸಿಬಲ್ ಕೆಳಗೆ, ಅಂದರೆ ಅದರ ನೂರರಲ್ಲಿ ಒಂದು ಪಾಲಿದ್ದರೂ ಸಿಗುತ್ತದೆ! ಇಷ್ಟು ಚೆಂದದ ಉಪಾಯ ರೇಡಿಯೊದಲ್ಲಿ ನಾನು ಕಂಡಿದ್ದು ಕಡಿಮೆ.

ಆದರೆ ಎಸ್‌ಎಫ್ 7ರಿಂದ 12ಕ್ಕೆ ಹೋದರೆ ಸಿಗುವ ಲಾಭ ಸುಮಾರು 12 ಡೆಸಿಬಲ್. ದೊಡ್ಡ ಗುಡ್ಡ ಅಡ್ಡ ಬಂದರೆ ಅದಕ್ಕಿಂತ ಜಾಸ್ತಿಯೇ ನುಂಗಬಹುದು. ಮಳೆಗಾಲದಲ್ಲಿ ಒದ್ದೆ ಸೋಗೆಗಳೂ ಒಂದಿಷ್ಟು ತಿನ್ನುತ್ತವೆ. ಗುಡ್ಡದ ನೆತ್ತಿಯಲ್ಲಿ ಸೋಲಾರ್ ಹಾಕಿ ಒಂದು ರಿಪೀಟರ್ (ಬಂದ ಸಂದೇಶವನ್ನು ಮತ್ತೆ ಮುಂದಕ್ಕೆ ಕಳಿಸುವ ರೇಡಿಯೊ) ಇಡುವುದೇ ಸರಿ. ಆಗ ಎಸ್‌ಎಫ್ 9 ಸಾಕಾಗಬಹುದು, ಬ್ಯಾಟರಿಯೂ ಉಳಿಯುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಅಗ್ಗಕ್ಕೆ ಸಿಗುವ ಎಸ್‌ಎಕ್ಸ್1278 ಚಿಪ್ 433 ಮೆಗಾಹರ್ಟ್ಸ್‌ನದು, 865ರವರೆಗೆ ಬರುವುದೇ ಇಲ್ಲ. ನಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್, ಅದಕ್ಕೆ ಎಸ್‌ಎಕ್ಸ್1276 ಇಲ್ಲವೇ ಎಸ್‌ಎಕ್ಸ್1262 ಇರುವ ಮಾಡ್ಯೂಲ್ ತಗೊಳ್ಳಿ. ಆಂಟೆನಾ ಹಾಕದೆ ಮಾತ್ರ ಟ್ರಾನ್ಸ್‌ಮಿಟ್ ಮಾಡಬೇಡಿ, ಚಿಪ್ ಸುಟ್ಟುಹೋಗಬಹುದು. ಸುಮ್ನೆ ಪರೀಕ್ಷೆ ಮಾಡೋಕೆ 8.6 ಸೆಂಟಿಮೀಟರ್ ತಂತಿ ನೆಟ್ಟಗೆ ಬೆಸುಗೆ ಹಾಕಿದರೂ ನಡೆಯುತ್ತದೆ.