ನಾಪೋಕ್ಲಿನಿಂದ ಸ್ಟುಟ್‌ಗಾರ್ಟಿಗೆ ಹೊರಟ ತಂಗಿಗೆ

ತಂಗಿ,

ನೀನು ಮೂರು ವಿಷಯ ಕೇಳಿದ್ದೀಯ. ಮಾರ್ಚ್‌ನಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಆಸ್ಪತ್ರೆಗೆ ನರ್ಸ್ ಆಗಿ ಬರುವವಳು ದಿನದ ಬದುಕಿಗೆ ಹೇಗೆ ತಯಾರಾಗಬೇಕು, ಹೊರಗಿನವರು ಬೇಡ ಅನ್ನುವ ಪಕ್ಷಕ್ಕೆ ಜರ್ಮನಿಯಲ್ಲಿ ಇಷ್ಟು ಓಟು ಬೀಳುತ್ತಿರುವಾಗ ಬರುವುದು ಸರಿಯಾ, ಊರಿನ ಓಟು ಮತ್ತು ಅಪ್ಪನ ತೋಟದ ಗತಿ ಏನು. ಕೊನೆಯದನ್ನೇ ಮೊದಲು ಹೇಳುತ್ತೇನೆ. ಮೂರರಲ್ಲಿ ಅದಕ್ಕೊಂದಕ್ಕೇ ಗಡುವು ಇರುವುದು, ಆ ಗಡುವು ನಿನ್ನ ವಿಮಾನದ ಟಿಕೆಟ್ಟಿನ ಮೇಲೆ ಅಚ್ಚಾಗಿದೆ.

ಕೆಲಸಕ್ಕೆಂದು ದೇಶ ಬಿಟ್ಟವರನ್ನು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾಯ್ದೆ, ಹೊರಟಾಗಿನಿಂದಲೇ ಅನಿವಾಸಿ ಎಂದು ಎಣಿಸುತ್ತದೆ. ಆದಾಯ ತೆರಿಗೆಯ 182 ದಿನದ ಲೆಕ್ಕವೇ ಬೇರೆ, ಅದನ್ನು ಇದಕ್ಕೆ ಬೆರೆಸಬೇಡ. ಅನಿವಾಸಿಯಾದ ಮೇಲೆ, ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದ್ದರೂ, ಕೃಷಿ ಜಮೀನಾಗಲಿ ಕಾಫಿ ತೋಟವಾಗಲಿ ಫಾರ್ಮ್‌ಹೌಸ್ ಆಗಲಿ ಕೊಳ್ಳುವಂತಿಲ್ಲ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇದು: ಅಪ್ಪ ದಾನಪತ್ರ ಮಾಡಿಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಫ್ಲ್ಯಾಟು, ಸೈಟುಗಳನ್ನು ಹತ್ತಿರದ ಸಂಬಂಧಿಕರಿಂದ ದಾನವಾಗಿ ಪಡೆಯಬಹುದು, ತೋಟವನ್ನು ಆಗುವುದಿಲ್ಲ. ತೋಟ ನಿನ್ನ ಕೈಗೆ ಬರಲು ಉಳಿಯುವ ದಾರಿ ಒಂದೇ, ಅಪ್ಪನ ಕಾಲಾನಂತರ ವಿಲ್‌ನಿಂದಲೋ ವಾರಸಿನಿಂದಲೋ ಬರುವುದು. ಹೊರಡುವ ಮೊದಲೇ ನಿನ್ನ ಹೆಸರಿಗೆ ಬಂದ ಜಮೀನನ್ನು ಮಾತ್ರ ಎಲ್ಲಿದ್ದರೂ ಇಟ್ಟುಕೊಳ್ಳಬಹುದು. ಆದ್ದರಿಂದ ನಿನಗೊಂದು ಪಾಲು ಕೊಡುವ ಮನಸ್ಸು ಅಪ್ಪನಿಗೆ ಇದ್ದರೆ, ಸಬ್‌ ರಿಜಿಸ್ಟ್ರಾರ್ ಕಚೇರಿಯ ಕೆಲಸ ಫೆಬ್ರವರಿಯೊಳಗೆ ಮುಗಿಯಬೇಕು. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಾಗವಾದರೆ ಆರ್‌ಟಿಸಿಯಲ್ಲಿ ಮನೆತನದ ಹಿರಿಯನಾದ ಪಟ್ಟೇದಾರರ ಹೆಸರು, ಅದರ ಹಿಂದೆ ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕು ಇರುತ್ತದೆ. ಅಷ್ಟು ಬೇಗ ಬಿಡಿಸಿಕೊಳ್ಳಲಾಗದು. ಆಗ ಕನಿಷ್ಠ ಒಂದು ವಿಲ್ ನೋಂದಣಿ ಮಾಡಿಸಿ.

ಜರ್ಮನಿಯಿಂದ ಅಧಿಕಾರಪತ್ರ ಕಳಿಸುವ ಪ್ರಸಂಗ ಮುಂದೆ ಬಂದೇ ಬರುತ್ತದೆ. ಅದನ್ನು ಇಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಿಯ ಎದುರು ಸಹಿ ಮಾಡು. ಸ್ಥಳೀಯ ನೋಟರಿ ಮತ್ತು ಅಪೊಸ್ಟಿಲ್ (ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಹಾಕುವ ಮುದ್ರೆ) ಸಾಕೆಂದು ಯಾರೋ ಹೇಳುತ್ತಾರೆ. ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ಈ ಎರಡು ದೇಶಗಳ ನಡುವೆ ಆ ಮುದ್ರೆ ಬಲವಿಲ್ಲದ್ದು. ಪತ್ರ ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಮರೆತು ಬೀರುವಿನಲ್ಲಿಟ್ಟ ಅಧಿಕಾರಪತ್ರ ಸರಿಯಾಗಿ ಬೇಕಾದ ದಿನವೇ ಕೈಕೊಡುತ್ತದೆ.

ಓಟಿನ ವಿಷಯ ಚಿಕ್ಕದು. ಭಾರತದ ಪೌರಳಾಗಿ ಇರುವವರೆಗೆ 6ಎ ನಮೂನೆ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸಕ್ಕೆ ಅನಿವಾಸಿ ಮತದಾರಳಾಗಿ ಹೆಸರು ಸೇರಿಸಬಹುದು. ಆದರೆ ಅಂಚೆಯಲ್ಲಿ ಓಟು ಹಾಕುವ ಹಾಗಿಲ್ಲ, ಮತಗಟ್ಟೆಗೇ ಬಂದು ಮೂಲ ಪಾಸ್‌ಪೋರ್ಟ್ ತೋರಿಸಬೇಕು. 2023ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋದವು, ಎರಡು ಕಡೆಯೂ ಅಂತರ 5 ಸಾವಿರ ದಾಟಲಿಲ್ಲ. ಹೊರಗೆ ದುಡಿಯುವ ಕೊಡಗಿನವರನ್ನು ಲೆಕ್ಕ ಹಾಕಿದರೆ ಇದು ದೊಡ್ಡ ಸಂಖ್ಯೆಯೇನಲ್ಲ. ರಜೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಬಂದು ಹಾಕು ಎನ್ನುವವರಲ್ಲಿ ನಾನೂ ಒಬ್ಬ.

ಈಗ ನಿನ್ನನ್ನು ಹೆದರಿಸಿರುವ ಪ್ರಶ್ನೆಗೆ ಬರೋಣ. 2025ರ ಫೆಬ್ರವರಿ 23ರ ಸಂಸತ್ ಚುನಾವಣೆಯಲ್ಲಿ, ನೀನು ಹೇಳಿದ ಆ ಎಎಫ್‌ಡಿ ಪಕ್ಷಕ್ಕೆ 20.8 ಶೇಕಡಾ ಮತ ಬಿತ್ತು, ಅದು ಎರಡನೆಯ ಸ್ಥಾನ. ಮೇ ತಿಂಗಳಲ್ಲಿ ಫ್ರೀಡ್ರಿಶ್ ಮೆರ್ತ್ಸ್ ಚಾನ್ಸಲರ್ ಆದರು, ವಲಸೆಯ ನಿಯಮಗಳು ಬಿಗಿಯಾದವು. ಅದಕ್ಕೆ ಕೆಲವೇ ತಿಂಗಳ ಮೊದಲು, 2024ರ ಅಕ್ಟೋಬರಿನಲ್ಲಿ, ಇದೇ ದೇಶ ನುರಿತ ಭಾರತೀಯರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಘೋಷಿಸಿತ್ತು. ಬಾ ಅನ್ನುವುದೂ ಬೇಡ ಅನ್ನುವುದೂ ಒಂದೇ ಮನೆಯಿಂದ ಕೇಳಿ ಬರುತ್ತದೆ.

ಇದು ನಮಗೆ ಹೊಸದಾಗಿ ಕಾಣಬಾರದು. ನಮ್ಮ ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದವರು ಇದ್ದಾರೆ. ಅವರಿಲ್ಲದೆ ಕಾಫಿ ಕೊಯ್ಲು ಮುಗಿಯುವುದಿಲ್ಲ. ಸಂತೆಯ ದಿನ ಅದೇ ಜನರ ಬಗ್ಗೆ ಆಡುವ ಮಾತನ್ನು ನೀನು ಕೇಳಿಯೇ ಬೆಳೆದವಳು: ಎಲ್ಲಿಂದ ಬಂದರೋ, ದಾಖಲೆ ಇದೆಯೋ ಇಲ್ಲವೋ, ಇವರಿಂದಲೇ ಊರು ಕೆಟ್ಟಿತು. ಮಾರ್ಚ್‌ನಿಂದ ಆ ಮಾತು ನಿನ್ನ ಬೆನ್ನ ಹಿಂದೆ ನಡೆಯುತ್ತದೆ, ಜರ್ಮನ್ ಭಾಷೆಯಲ್ಲಿ. ಅದನ್ನು ತಡೆದುಕೊಳ್ಳುವುದು ಒಂದು, ಊರಿಗೆ ಬಂದಾಗ ಲೈನ್‌ಮನೆಯವರ ವಿಷಯದಲ್ಲಿ ಬೇರೆ ರೀತಿ ಮಾತಾಡುವುದು ಇನ್ನೊಂದು. ಎರಡನೆಯದನ್ನೂ ನಿನ್ನಿಂದ ಕೇಳುತ್ತೇನೆ.

ವಾರ್ಡಿನಲ್ಲಿ ಈ ರಾಜಕೀಯ ಬರುವುದು ಸಣ್ಣ ರೂಪದಲ್ಲಿ. ವಯಸ್ಸಾದ ರೋಗಿಯೊಬ್ಬರು ನನಗೆ ಜರ್ಮನ್ ನರ್ಸೇ ಬೇಕು ಅನ್ನಬಹುದು. ಆಗ ವಾದಕ್ಕೆ ಇಳಿಯಬೇಡ, ನುಂಗಿಕೊಂಡು ಸುಮ್ಮನೂ ಇರಬೇಡ. ವಾರ್ಡಿನ ಮುಖ್ಯಸ್ಥರಿಗೆ ಅದೇ ಪಾಳಿಯಲ್ಲಿ ತಿಳಿಸು, ದಿನಾಂಕ, ಹೊತ್ತು, ಆಡಿದ ಮಾತು ಇಷ್ಟನ್ನು ಬರೆದಿಡು. ರೋಗಿಯ ಮಾತಿಗಿಂತ ಕೆಟ್ಟದ್ದು ಆಡಳಿತವೇ ಮಾಡುವ ತಾರತಮ್ಯ, ಉದಾಹರಣೆಗೆ ಹಬ್ಬದ ರಜೆಯ ರಾತ್ರಿಪಾಳಿಯೆಲ್ಲ ಹೊರದೇಶದವರಿಗೇ ಬೀಳುವುದು. ಸಮಾನತೆಯ ಕಾಯ್ದೆಯಡಿ ಪರಿಹಾರ ಕೇಳುವುದಾದರೆ 2 ತಿಂಗಳೊಳಗೆ ಲಿಖಿತವಾಗಿ ಕೇಳಬೇಕು. ಬಹುತೇಕ ದೂರುಗಳು ಸಾಯುವುದು ಆ ಎರಡು ತಿಂಗಳು ಸಂಕೋಚದಲ್ಲಿ ಕಳೆದುಹೋಗುವುದರಿಂದ.

ಸಂಸತ್ತಿನ ಓಟು ನಿನಗೆ ಇಲ್ಲ, ಆದರೆ ಬಂದ ಮೊದಲ ವರ್ಷದಲ್ಲೇ ಕೈಗೆ ಸಿಗುವ ಇನ್ನೊಂದು ಓಟು ಇದೆ. ಖಾಸಗಿ ಆಸ್ಪತ್ರೆಯಲ್ಲಿ ಬೆಟ್ರೀಬ್ಸ್‌ರಾಟ್, ಸರ್ಕಾರಿಯಲ್ಲಿ ಪೆರ್ಸೊನಾಲ್‌ರಾಟ್, ಚರ್ಚಿನ ಆಸ್ಪತ್ರೆಯಲ್ಲಿ ಎಂಎವಿ ಎನ್ನುವ ನೌಕರರ ಮಂಡಳಿ ಇರುತ್ತದೆ. ಪಾಳಿಪಟ್ಟಿ, ಹೆಚ್ಚುವರಿ ಗಂಟೆ, ವಜಾ, ಎಲ್ಲದರಲ್ಲೂ ಆಡಳಿತ ಅದರ ಮಾತು ಕೇಳಬೇಕು. ಅದರ ಚುನಾವಣೆಯಲ್ಲಿ ಪೌರತ್ವ ಕೇಳುವುದಿಲ್ಲ. ವೆರ್ಡಿ ಕಾರ್ಮಿಕ ಸಂಘಕ್ಕೆ ಸೇರಿದರೆ ಒಟ್ಟು ಸಂಬಳದ 1 ಶೇಕಡಾ ಚಂದಾ. ನನ್ನ ಮಟ್ಟಿಗೆ ಅದು ದಂಡದ ಖರ್ಚಲ್ಲ, ಕರಾರಿನ ಜಗಳ ಬಂದಾಗ ವಕೀಲರ ಸಹಾಯ ಅಲ್ಲಿಂದಲೇ ಸಿಗುತ್ತದೆ.

ಕರಾರು ಅಂದೆನಲ್ಲ, ನಿನ್ನದನ್ನು ಸಹಿಗೆ ಮೊದಲು ಪೂರ್ತಿ ಓದಿಸು. ಭಾಷೆ ಕಲಿಸಿದ ಖರ್ಚು, ಟಿಕೆಟ್ ಖರ್ಚು ಇಷ್ಟು, ಇಂತಿಷ್ಟು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಎನ್ನುವ ಷರತ್ತು ಹುಡುಕು. ಮೊತ್ತ ತಿಂಗಳು ತಿಂಗಳಿಗೂ ಇಳಿಯುತ್ತಾ ಹೋಗುತ್ತದೆಯೇ ನೋಡು. ಇಳಿಯದಿದ್ದರೆ ಪ್ರಶ್ನಿಸು. ಕೆಲಸ ಕೊಡಿಸಲು ನಿನ್ನಿಂದಲೇ ಹಣ ಕೇಳುವ ಏಜೆನ್ಸಿಯ ಹತ್ತಿರ ಹೋಗಬೇಡ, ಆ ಖರ್ಚು ಆಸ್ಪತ್ರೆಯದು.

ಇನ್ನು ಮಾನ್ಯತೆ. ನಿನ್ನ ಬಿಎಸ್ಸಿ ನರ್ಸಿಂಗ್ ಪದವಿಯನ್ನು ಇಲ್ಲಿನ ಕಚೇರಿ ತೂಗಿ, ಸಾಮಾನ್ಯವಾಗಿ ಇಂತಿಷ್ಟು ಗಂಟೆ ಕಡಿಮೆ ಇದೆ ಎಂಬ ಪತ್ರ ಕಳಿಸುತ್ತದೆ. ಆ ಕೊರತೆಯನ್ನು ಹೊಂದಾಣಿಕೆ ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಬೇಕು, ಜೊತೆಗೆ ಬಿ2 ಮಟ್ಟದ ಜರ್ಮನ್ ಬೇಕು. ಅಲ್ಲಿಯವರೆಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ಈ ಹಂತ ಎಳೆದುಕೊಂಡು ಹೋಗಲು ದೊಡ್ಡ ಕಾರಣ ಹೆಸರು. ನಮ್ಮಲ್ಲಿ ಮನೆತನದ ಹೆಸರು ಮುಂದೆ, ಕರೆಯುವ ಹೆಸರು ಹಿಂದೆ. ಪಾಸ್‌ಪೋರ್ಟಿನಲ್ಲಿ ಅದು ಒಂದು ಬಗೆ, ಅಂಕಪಟ್ಟಿಯಲ್ಲಿ ಇನಿಷಿಯಲ್, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಇನ್ನೊಂದು ಬಗೆ. ಇಲ್ಲಿನ ಗುಮಾಸ್ತರಿಗೆ ಅವು ಮೂರು ಬೇರೆ ಬೇರೆ ಹೆಂಗಸರು. ಮಡಿಕೇರಿಯಲ್ಲಿ ಮಾಡಿಸಿದ ಅಫಿಡವಿಟ್ ಎಲ್ಲ ಕಚೇರಿಯಲ್ಲೂ ನಡೆಯುವುದಿಲ್ಲ. ಈಗಲೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡು, ತಿದ್ದಬೇಕಾದ್ದನ್ನು ಊರಿನಲ್ಲೇ ತಿದ್ದಿಸು.

ಬಂದಿಳಿದ ಮೇಲೆ, ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಬೇಕು, ಬಾಡಿಗೆ ಕರಾರು ಮಾತ್ರ ತೋರಿಸಿದರೆ ವಾಪಸ್ ಕಳಿಸುತ್ತಾರೆ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಕೊಡದಿದ್ದರೆ ಸಂಬಳಕ್ಕೆ ಅತಿ ಹೆಚ್ಚು ಕಡಿತದ 6ನೇ ತೆರಿಗೆ ವರ್ಗ ಬೀಳಬಹುದು. ಇಲ್ಲೊಂದು ಚಿಲ್ಲರೆ ವಿಷಯ ಎಲ್ಲವನ್ನೂ ಕೆಡಿಸುತ್ತದೆ. ಅಂಚೆ ಡಬ್ಬಿಯ ಮೇಲೆ ನಿನ್ನ ಹೆಸರಿನ ಚೀಟಿ ಇಲ್ಲದಿದ್ದರೆ ಕಾಗದ ಬಂದ ದಾರಿಗೇ ಹಿಂದೆ ಹೋಗುತ್ತದೆ. ಬೀದಿಯ ಹೆಸರು, ಮನೆ ನಂಬರ್ ಸರಿಯಿದ್ದೂ ಹೋಗುತ್ತದೆ, ಏಕೆಂದರೆ ಇಲ್ಲಿ ಫ್ಲ್ಯಾಟಿಗೆ ನಂಬರ್ ಇರುವುದು ಕಡಿಮೆ, ಹೆಸರೇ ಗುರುತು. ಬೀಗದ ಕೈ ಸಿಕ್ಕಿದ ದಿನವೇ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಬರೆದು ಅಂಟಿಸು.

ಬಾಡಿಗೆಯಲ್ಲಿ ಎರಡು ಅಂಕಿ ಹೇಳುತ್ತಾರೆ. ಕಾಲ್ಟ್ ಅಂದರೆ ಬರೀ ಮನೆ, ವಾರ್ಮ್ ಅಂದರೆ ಹೀಟರ್, ನೀರು, ಕಸ ಸೇರಿ. ಮುಂಗಡ ಕಾಲ್ಟ್ ಬಾಡಿಗೆಯ 3 ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ. ಟಿವಿ ಇರಲಿ ಬಿಡಲಿ, ಪ್ರಸಾರ ಶುಲ್ಕ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ.

ಆ ಮುಂಗಡ ಉಳಿಸಿಕೊಳ್ಳಬೇಕಾದರೆ ಬೂಷ್ಟು ಕಟ್ಟದಂತೆ ನೋಡಿಕೊಳ್ಳಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಬೆಳೆದವರಿಗೆ ಬೂಷ್ಟು ಕಲಿಸಬೇಕಾಗಿಲ್ಲ ಅನಿಸಬಹುದು, ಆದರೆ ಇಲ್ಲಿ ಅದು ಬರುವ ಬಗೆ ಬೇರೆ. ನಮ್ಮ ಹೆಂಚಿನ ಮನೆ ಸಂದುಸಂದಿನಲ್ಲೂ ಉಸಿರಾಡುತ್ತದೆ, ಒಲೆಯ ಬಿಸಿಗೆ ಮೇಲೆ ಹರವಿದ ಬಟ್ಟೆಯ ನೀರು ಹಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಇಲ್ಲಿನ ಮನೆ ಮುಚ್ಚಳ ಹಾಕಿದ ಡಬ್ಬಿ. ಒಳಗೆ ಒಣಹಾಕಿದ ಬಟ್ಟೆ, ಸ್ನಾನ, ಅನ್ನದ ಕುಕ್ಕರ್, ಎಲ್ಲದರ ಹಬೆ ಮೂಲೆಯ ತಣ್ಣನೆ ಗೋಡೆಗೆ ಹೋಗಿ ಕೂರುತ್ತದೆ. ಕಿಟಕಿಯ ಹಿಡಿ ಗಮನಿಸು: ಕೆಳಗಿದ್ದರೆ ಮುಚ್ಚಿದೆ, ಅಡ್ಡಕ್ಕಿದ್ದರೆ ಬಾಗಿಲಿನ ಹಾಗೆ ತೆರೆಯುತ್ತದೆ, ಮೇಲಕ್ಕಿದ್ದರೆ ಮೇಲ್ತುದಿ ಮಾತ್ರ ಒಳಕ್ಕೆ ಬಾಗುತ್ತದೆ. ಹೊಸಬರು ಚಳಿಗಾಲವಿಡೀ ಹಿಡಿಯನ್ನು ಮೇಲಕ್ಕೇ ಬಿಟ್ಟಿರುತ್ತಾರೆ. ಅದರಿಂದ ಹಬೆ ಪೂರ್ತಿ ಹೋಗದು, ಕಿಟಕಿಯ ಸುತ್ತಲ ಗೋಡೆ ಮಾತ್ರ ತಣ್ಣಗಾಗಿ ಕಪ್ಪಗಾಗುತ್ತದೆ. ಹೀಟರ್ ಆರಿಸಿ, ಹಿಡಿ ಅಡ್ಡಕ್ಕೆ ತಿರುಗಿಸಿ, ಎದುರುಬದುರು ಕಿಟಕಿ 5ರಿಂದ 10 ನಿಮಿಷ ಪೂರ್ತಿ ತೆರೆದು ಮುಚ್ಚು. ದಿನಕ್ಕೆ 2-3 ಸಲ, ಸ್ನಾನವಾದ ಕೂಡಲೇ ಇನ್ನೊಂದು ಸಲ. ತೇವಾಂಶ 60 ಶೇಕಡಾ ದಾಟಬಾರದು, ಅಳೆಯುವ ಸಣ್ಣ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡು.

ಕೆಲವು ವರ್ಷ ಕಳೆದ ಮೇಲೆ ಇಲ್ಲಿನ ಪಾಸ್‌ಪೋರ್ಟ್ ತೆಗೆದುಕೊಳ್ಳುವುದೋ ಬಿಡುವುದೋ ಎಂದು ಯೋಚಿಸುತ್ತೀಯ. 5 ವರ್ಷ ವಾಸ, ಬಿ1 ಭಾಷೆ, ಸ್ವಂತ ದುಡಿಮೆ, 33 ಪ್ರಶ್ನೆಗಳ ಪರೀಕ್ಷೆಯಲ್ಲಿ 17 ಸರಿ ಉತ್ತರ, ಅರ್ಜಿಗೆ 255 ಯೂರೋ. 2024ರ ಜೂನ್‌ನಲ್ಲಿ ಕೆಲವರಿಗೆ 3 ವರ್ಷಕ್ಕೇ ಎಂದು ಮಾಡಿದ್ದರು, 2025ರ ಅಕ್ಟೋಬರಿನಲ್ಲಿ ತೆಗೆದರು. ಲೆಕ್ಕ ಹಾಕಿಕೊಂಡು ಕೂತವರು ಎಷ್ಟೋ ಮಂದಿ. ಅರ್ಹತೆ ಬಂದ ದಿನವೇ ಅರ್ಜಿ ಹಾಕು, ಮುಂದಿನ ಸರ್ಕಾರಕ್ಕೆ ಕಾಯಬೇಡ.

ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಸಿಕ್ಕ ಗಳಿಗೆಯಲ್ಲೇ ಭಾರತದ್ದು ಹೋಗುತ್ತದೆ, ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ತೆಗೆದುಕೊಳ್ಳಬೇಕು. ಪಾಸ್‌ಪೋರ್ಟ್ ಬದಲಿಸಿದರೆ ತೋಟ ಹೋಗುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ. ತೋಟದ ಮಟ್ಟಿಗೆ ಅನಿವಾಸಿಗೂ ಓಸಿಐಗೂ ಒಂದೇ ನಿಯಮ: ಕೊಳ್ಳುವಂತಿಲ್ಲ, ವಾರಸಿನಿಂದ ಬಂದದ್ದು ಇಟ್ಟುಕೊಳ್ಳಬಹುದು. ವ್ಯತ್ಯಾಸ ಇರುವುದು ಬೇರೆ ಕಡೆ. ನಾಪೋಕ್ಲಿನ ಓಟು ಹೋಗುತ್ತದೆ, ಇಲ್ಲಿನ ಓಟು ಬರುತ್ತದೆ. ಊರ ದೇವಸ್ಥಾನಕ್ಕೋ ಮಳೆ ಸಂತ್ರಸ್ತರ ಸಮಿತಿಗೋ ಕೊಡುವ ವಂತಿಗೆ, ಭಾರತೀಯಳಾಗಿ ನಿನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಸಾಮಾನ್ಯ ಹಣ. ಓಸಿಐ ಆದ ಮೇಲೆ ಅದೇ ಹಣ ವಿದೇಶಿ ದೇಣಿಗೆ, ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದ ಸಮಿತಿ ಅದನ್ನು ತೆಗೆದುಕೊಂಡರೆ ಸಿಕ್ಕಿಬೀಳುವುದು ಸಮಿತಿಯವರು. 2018ರ ಆಗಸ್ಟಿನಂಥ ಮಳೆ ಬಂದಾಗ ಅವಸರದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ.

ಮೂರನೆಯ ವ್ಯತ್ಯಾಸ ವಯಸ್ಸಾದ ಅಪ್ಪ ಅಮ್ಮ ಇರುವವರದ್ದು. ಪೌರತ್ವ ಬೇಡವೆಂದು ಕಾಯಂ ವಾಸದ ಅನುಮತಿಯಲ್ಲಿ ನಿಂತರೆ, ನುರಿತ ಕೆಲಸದವರಿಗೆ ಅದು 3 ವರ್ಷಕ್ಕೇ ಸಿಗುತ್ತದೆ. ಆದರೆ ಜರ್ಮನಿಯ ಹೊರಗೆ ಒಂದೇ ಸಮನೆ 6 ತಿಂಗಳಿಗಿಂತ ಹೆಚ್ಚು ಇದ್ದರೆ ಸಾಮಾನ್ಯವಾಗಿ ರದ್ದಾಗುತ್ತದೆ. ನವೆಂಬರಿನಲ್ಲಿ ಕೊಯ್ಲಿಗೆಂದು ಬಂದು, ಅಮ್ಮನ ಆರೋಗ್ಯ ಕೆಟ್ಟು ಮೇ ಕೊನೆಯವರೆಗೆ ನಿಂತರೆ ಮುಗಿಯಿತು. ತಡವಾಗುವ ಸೂಚನೆ ಇದ್ದರೆ ಹೊರಡುವ ಮೊದಲೇ ವಿದೇಶಿಯರ ಕಚೇರಿಯಿಂದ ಹೆಚ್ಚಿನ ಅವಧಿ ಬರೆಸಿಕೊ. ಜರ್ಮನ್ ಪಾಸ್‌ಪೋರ್ಟ್ ಇದ್ದವರಿಗೆ ಈ ಚಿಂತೆ ಇಲ್ಲ. ಒಬ್ಬಳೇ ಮಗಳಾದವಳಿಗೆ ನಾನು ಪೌರತ್ವವನ್ನೇ ಹೇಳುವುದು ಇದಕ್ಕಾಗಿ.

ಅಪ್ಪನಿಗೆ ಒಂದು ಮಾತು ಹೇಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದ ಕಾಫಿಯನ್ನು ಯುರೋಪಿನಲ್ಲಿ ಮಾರಬಾರದೆಂಬ ಕಾನೂನು 2023ರಲ್ಲೇ ಆಗಿದೆ. ಜಾರಿ ಎರಡು ಸಲ ಮುಂದಕ್ಕೆ ಹೋದರೂ ಬರುವುದು ಬರುತ್ತದೆ. ತೋಟ 4 ಹೆಕ್ಟೇರಿನೊಳಗೆ, ಅಂದರೆ ಸುಮಾರು 10 ಎಕರೆಯೊಳಗೆ ಇದ್ದರೆ ನಕ್ಷೆಯಲ್ಲಿ ಒಂದು ಬಿಂದು ಸಾಕು, ಹೆಚ್ಚಿದ್ದರೆ ಸುತ್ತಲ ಗಡಿ ಗುರುತಿಸಬೇಕು. ನೀನು ಊರಲ್ಲಿ ಇರುವಾಗಲೇ ಮೊಬೈಲು ಹಿಡಿದು ಅಪ್ಪನ ಜೊತೆ ಗಡಿಯುದ್ದಕ್ಕೂ ನಡೆದು ಗುರುತು ಮಾಡಿಕೊ.

ಚೀಲಕ್ಕೆ ಏನು ಹಾಕಬೇಕೆಂದೂ ಕೇಳಿದ್ದೀಯ. ನಮ್ಮ ಕಪ್ಪು ಹುಳಿರಸ ಕಾಚಂಪುಳಿ ತರಬಹುದು, ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಲಗೇಜಿನ ನಡುವೆ ಬಟ್ಟೆಯೊಳಗೆ ಇಡು. ಜೇನು 2 ಕಿಲೋವರೆಗೆ ಸರಿ. ಹಂದಿ ಮಾಂಸದ ಉಪ್ಪಿನಕಾಯಿ, ಒಣಗಿಸಿದ ಮಾಂಸ, ತುಪ್ಪ, ಹಾಲಿನ ಸಿಹಿ ಯಾವುದೂ ಬೇಡ, ಹಸಿ ಕರಿಬೇವೂ ಬೇಡ, ವಿಮಾನ ನಿಲ್ದಾಣದಲ್ಲೇ ಕಸದ ಡಬ್ಬಿಗೆ ಹೋಗುತ್ತದೆ. ಕಾಫಿಪುಡಿ ನಿನ್ನ ಚೀಲದಲ್ಲೇ ತಾ. ಅಮ್ಮ ಅಂಚೆಯಲ್ಲಿ ಕಳಿಸಿದರೆ ಉಡುಗೊರೆ ಪಾರ್ಸೆಲ್ಲಿಗೆ ಅರ್ಧ ಕಿಲೋ ಕಾಫಿ, 45 ಯೂರೋ ಬೆಲೆ ಮಿತಿ. ಅದು ಮೀರಿದರೆ ಸುಂಕದ ಕಚೇರಿಯಿಂದ ಕಾಗದ ಬರುತ್ತದೆ. ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಕಾಫಿ ತೆರಿಗೆಯೇ ಇದೆ ಈ ದೇಶದಲ್ಲಿ. ಪಂದಿ ಕರಿಗೆ ಮಾಂಸದಂಗಡಿಯಲ್ಲಿ ಚರ್ಮ ಇರುವ ಭುಜದ ಭಾಗ ಕೇಳು, ಸುಪರ್‌ಮಾರ್ಕೆಟ್ಟಿನ ಕೊಬ್ಬು ತೆಗೆದ ತುಂಡಿನಲ್ಲಿ ಅದು ಆಗುವುದಿಲ್ಲ. ಭಾನುವಾರ ಅಂಗಡಿ ಇಲ್ಲ, ಶನಿವಾರವೇ ತಂದಿಟ್ಟುಕೊ.