ಸ್ವಾನ್ಸಿಗೆ ಕಾಗದ, ಕಾರಿಗೆ ಬೀಗ

ನಿಮ್ಮ ಸೋದರಮಾವ ತೀರಿಕೊಂಡ ಸುದ್ದಿ ಓದಿ ಬೇಸರವಾಯಿತು. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎಂಟು ತಿಂಗಳಾಗುವಷ್ಟರಲ್ಲಿ ಇಂಥ ಹೊಣೆ ಹೆಗಲೇರಿದೆ. ಅತ್ತೆಗೆ ಕಾರು ಓಡಿಸಲು ಬರುವುದಿಲ್ಲ. ಮಾವನ ಲೈಸೆನ್ಸು, ಕಾರಿನ ಕಾಗದ, ಪಾಸ್‌ಪೋರ್ಟು ಹಿಡಿದುಕೊಂಡು ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂದು ಕೇಳಿದ್ದೀರಿ. ಹತ್ತಬೇಕಾದ ಮೆಟ್ಟಿಲು ಒಂದೇ, ಸಾವನ್ನು ನೋಂದಾಯಿಸುವ ರಿಜಿಸ್ಟ್ರಾರ್ ಕಚೇರಿಯದು. ಈ ದೇಶದ ಸರ್ಕಾರಕ್ಕೆ ಸಾವಿನ ಸುದ್ದಿ ಮುಟ್ಟಿಸುವುದು ಸುಲಭ. ಎಡವುವುದು ಕಾರಿನಲ್ಲಿ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ: ಆ ಕಾರನ್ನು ಸದ್ಯಕ್ಕೆ ಯಾರೂ ಓಡಿಸಬೇಡಿ.

ಸಾವಿನ ಮನೆಯಲ್ಲಿ ಏನಾಗುತ್ತದೆಂದು ಗೊತ್ತಲ್ಲ. ಊರಿನಿಂದ ಬರುವವರನ್ನು ಹೀಥ್ರೂವಿನಿಂದ ಕರೆತರಬೇಕು, ಅಡುಗೆಗೆ ದೊಡ್ಡ ಪಾತ್ರೆ ತರಬೇಕು, ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿರುತ್ತದೆ. ಯಾರೋ ಒಬ್ಬ ಉತ್ಸಾಹಿ ಭಾವಮೈದ ಎದ್ದುಬಿಡುತ್ತಾನೆ. ವಿಮೆ ಇದ್ದದ್ದು ಮಾವನ ಹೆಸರಿನಲ್ಲಿ. ಪಾಲಿಸಿದಾರನೇ ಹೋದ ಮೇಲೆ ಅದರಲ್ಲಿ ಹೆಸರಿರುವ ಇತರ ಚಾಲಕರ ರಕ್ಷಣೆಯೂ ಸಾಮಾನ್ಯವಾಗಿ ನಿಂತುಹೋಗುತ್ತದೆ. ಕೆಲವು ಕಂಪನಿಗಳು ಸ್ವಲ್ಪ ಕಾಲಾವಕಾಶ ಕೊಡುವುದುಂಟು. ಫೋನ್ ಮಾಡಿ ಕೇಳಿ, ಬಾಯಿಮಾತಿಗೆ ಒಪ್ಪದೆ ಬರಹದಲ್ಲಿ ಪಡೆಯಿರಿ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ದಂಡದ ಅಂಕ. ಶೋಕದಲ್ಲಿದ್ದೆವು ಎಂದರೆ ರಸ್ತೆಬದಿಯ ಕ್ಯಾಮೆರಾಕ್ಕೆ ಕೇಳಿಸುವುದಿಲ್ಲ.

ಇನ್ನು ರಿಜಿಸ್ಟ್ರಾರ್. ಇಂಗ್ಲೆಂಡಿನಲ್ಲಿ 2024ರ ಸೆಪ್ಟೆಂಬರ್‌ನಿಂದ ಸಾವಿನ ಕಾರಣ ತಿಳಿಸಿ ವೈದ್ಯರು ಬರೆದ ಪತ್ರವನ್ನು ಇನ್ನೊಬ್ಬ ವೈದ್ಯಕೀಯ ಪರೀಕ್ಷಕರು ನೋಡಿಯೇ ರಿಜಿಸ್ಟ್ರಾರ್‌ಗೆ ಕಳುಹಿಸುತ್ತಾರೆ. ಅದು ತಲುಪಿದ ಐದು ದಿನದೊಳಗೆ ನೋಂದಣಿಯಾಗಬೇಕು. ಊರಿನಂತೆ ಸಂಜೆಯೊಳಗೆ ದಹನ ಇಲ್ಲಿ ಆಗದು. ವೈಕುಂಠ ಸಮಾರಾಧನೆಯ ಲೆಕ್ಕವನ್ನು ಪುರೋಹಿತರನ್ನು ಕೇಳಿ, ಅದು ನನ್ನ ಇಲಾಖೆಯಲ್ಲ.

ನೋಂದಣಿಯ ಹೊತ್ತಿಗೆ ಅಧಿಕಾರಿ ‘ಟೆಲ್ ಅಸ್ ಒನ್ಸ್’ ಸೇವೆಯ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ಗಡುವಿನೊಳಗೆ ಬಳಸಬೇಕು. ಮಾವನ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಪಾಸ್‌ಪೋರ್ಟ್, ಲೈಸೆನ್ಸ್, ಕಾರಿನ ನಂಬರು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅತ್ತೆಯ ವಿವರ ಕೊಡಲು ಅವರ ಒಪ್ಪಿಗೆಯೂ ಬೇಕು. ಅಲ್ಲಿಂದ ತೆರಿಗೆ, ಪಿಂಚಣಿ, ಪಾಸ್‌ಪೋರ್ಟ್ ಇಲಾಖೆಗಳಿಗೂ ನಗರಸಭೆಗೂ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಎಂಬ ಚಾಲಕ-ವಾಹನ ಪರವಾನಗಿ ಇಲಾಖೆಗೂ ಸುದ್ದಿ ಹೋಗುತ್ತದೆ. ಲೈಸೆನ್ಸಿನ ಕೆಲಸ ಅಲ್ಲಿಗೇ ಮುಗಿಯಿತು. ಬ್ಯಾಂಕಿಗೂ ವಿಮಾ ಕಂಪನಿಗೂ ಮಾತ್ರ ನೀವೇ ಹೇಳಬೇಕು. ಅತ್ತೆ ಇನ್ನು ಒಬ್ಬರೇ ಇರುವುದಾದರೆ ನಗರಸಭೆಗೆ ಕಟ್ಟುವ ಕೌನ್ಸಿಲ್ ತೆರಿಗೆಯಲ್ಲಿ ಶೇಕಡ 25 ರಿಯಾಯಿತಿ ಇದೆ, ಕೇಳಲು ಸಂಕೋಚ ಬೇಡ.

ಕಾರಿನದು ಹಾಗೆ ಮುಗಿಯುವುದಿಲ್ಲ. ಮಾವನ ಹೆಸರು ತೆಗೆಯುತ್ತಾರೆ, ಆದರೆ ಇನ್ನು ಮುಂದೆ ಕಾರು ಯಾರದು ಎಂದು ನೀವು ಕಾಗದದಲ್ಲೇ ತಿಳಿಸಬೇಕು. ವಿ5ಸಿ ಎಂಬ ಲಾಗ್‌ಬುಕ್, ಅಂದರೆ ಕಾರಿನ ನೋಂದಣಿ ಪತ್ರ, ಹುಡುಕಿ. ಮುಖಪುಟದಲ್ಲಿ ಬಣ್ಣಬಣ್ಣದ ಅಂಕಿಯ ಚೌಕಗಳಿದ್ದರೆ ಅದು ಹೊಸ ಮಾದರಿ. ಅದರ ಎರಡನೇ ಭಾಗ ತುಂಬಿ. ಹಳೆಯದಾದರೆ ಆರನೇ ಭಾಗ. ಹಸಿರು ಚೀಟಿಯನ್ನು ಹರಿದು ಇಟ್ಟುಕೊಳ್ಳಿ, ಹೊಸ ರಸ್ತೆ ತೆರಿಗೆ ಕಟ್ಟಲು ಅದೇ ಆಧಾರ. ಉಳಿದದ್ದರ ಜೊತೆ ಒಂದು ಪತ್ರವಿಟ್ಟು ಸ್ವಾನ್ಸಿಗೆ ಕಳುಹಿಸಿ: ನೀವು ಅವರಿಗೆ ಏನಾಗಬೇಕು, ಯಾವಾಗ ತೀರಿಕೊಂಡರು, ತೆರಿಗೆಯ ಬಾಕಿ ತಿಂಗಳುಗಳ ಹಣ ಯಾರಿಗೆ ಮರಳಬೇಕು. ಇಲ್ಲಿ ರಸ್ತೆ ತೆರಿಗೆ ಕಾರಿನ ಜೊತೆ ಹೊಸಬರಿಗೆ ವರ್ಗವಾಗುವುದಿಲ್ಲ. ಅತ್ತೆಯ ಹೆಸರಿಗಾಗಲಿ ನಿಮ್ಮ ಹೆಸರಿಗಾಗಲಿ ಮಾಡಿಸಿಕೊಂಡರೂ ಹೊಸದಾಗಿ ಕಟ್ಟಬೇಕು, ಹೊಸ ವಿಮೆ ಮಾಡಿಸಬೇಕು. ಆಮೇಲೆ ಚಕ್ರ ಉರುಳಲಿ.

ಕಾರು ನೀವೇ ಇಟ್ಟುಕೊಳ್ಳುವ ಆಲೋಚನೆಯಿದ್ದರೆ ಇನ್ನೊಂದು ಮಾತು. ನಮ್ಮ ಕರ್ನಾಟಕದ ಲೈಸೆನ್ಸು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ನಿಮಗೆ ಉಳಿದಿರುವುದು ನಾಲ್ಕು. ಇಲ್ಲಿನ ಪ್ರೊವಿಷನಲ್ ಲೈಸೆನ್ಸಿಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಈಗಲೇ ಅರ್ಜಿ ಹಾಕಿ, ಪರೀಕ್ಷೆಯ ದಿನ ಸಿಗುವುದು ನಿಧಾನ.

ಮರಣ ಪ್ರಮಾಣಪತ್ರದ ಪ್ರತಿಗೆ ತಲಾ 12.50 ಪೌಂಡ್. ನೋಂದಣಿಯ ದಿನವೇ ಐದಾರು ತೆಗೆದುಕೊಳ್ಳಿ. ಮಾವನಿಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಆ ಸುದ್ದಿ ‘ಟೆಲ್ ಅಸ್ ಒನ್ಸ್’ ಮೂಲಕ ಭಾರತಕ್ಕೆ ಹೋಗುವುದಿಲ್ಲ, ಹೈಕಮಿಷನ್‌ಗೆ ನೀವೇ ತಿಳಿಸಬೇಕು. ಊರಿನಲ್ಲಿ ಅವರ ಹೆಸರಿನಲ್ಲಿ ತೋಟವೋ ಗದ್ದೆಯೋ ಇದ್ದರೆ ಪೌತಿ ಖಾತೆಗೂ ಇದೇ ಪ್ರಮಾಣಪತ್ರ ಬೇಕಾಗುತ್ತದೆ. ಒಂದು ಪ್ರತಿಗೆ ಇಲ್ಲಿನ ವಿದೇಶಾಂಗ ಇಲಾಖೆಯಿಂದ ಅಪೋಸ್ಟಿಲ್ ಎಂಬ, ಹೊರದೇಶದಲ್ಲಿ ಒಪ್ಪುವ ದೃಢೀಕರಣದ ಮುದ್ರೆ ಹಾಕಿಸಿ ಅತ್ತೆಯ ಕೈಗೆ ಕೊಟ್ಟಿಡಿ.